ಹೆಸರು ಒಂದು, ಅಂಕಿ ಎರಡು



ನಮ್ಮ ಸೀಮೆಗೆ ಎರಡು ಲಿಪಿಗಳ ನಂಟು ಹೊಸದಲ್ಲ. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು; ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಗಡಿ ಬದಲಾದ ಮೇಲೆ ಹೊಲದ ಕಾಗದ ಆಚೆ ಕನ್ನಡವಾಯಿತು, ಈಚೆ ತೆಲುಗಾಯಿತು. ಎರಡೂ ಕಡೆ ಹೊಲವಿದ್ದವರ ಹೆಸರು ಎರಡು ಲಿಪಿಗಳಲ್ಲಿ ಸೇರಿತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದಾಗ ಲೆಕ್ಕವೆಲ್ಲ ಲೆಡ್ಜರ್ ಪುಸ್ತಕದಲ್ಲಿತ್ತು. ಖಾತೆದಾರರು ಬಂದರೆ ಮುಖ ನೋಡಿಯೇ ಪುಟ ತೆರೆಯುತ್ತಿದ್ದೆವು. ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಇವರು ಯಾರೆಂದು ನಮಗೆ ಗೊತ್ತಿರುತ್ತಿತ್ತು. 1984ರಲ್ಲಿ ಸಿ. ರಂಗರಾಜನ್ ಸಮಿತಿ ಬ್ಯಾಂಕುಗಳಿಗೆ ಗಣಕಯಂತ್ರ ತರುವ ದಾರಿ ತೋರಿಸಿತು. ಕೆಲಸಕ್ಕೆ ಕುತ್ತು ಬಂದೀತೆಂದು ನೌಕರರ ಸಂಘಗಳು ಅಂಜಿದವು. 1993ರಲ್ಲಿ ಮಾತುಕತೆಯಾಗಿ ಒಪ್ಪಂದವಾದ ಮೇಲೆ ಯಂತ್ರಗಳು ಹೆಚ್ಚಿದವು. ದಿನಗಟ್ಟಲೆ ಹಿಡಿಯುತ್ತಿದ್ದ ಬಡ್ಡಿ ಲೆಕ್ಕ ಬೇಗ ಮುಗಿಯತೊಡಗಿತು. ಆದರೆ ಯಂತ್ರಕ್ಕೆ ಮುಖಪರಿಚಯವಿಲ್ಲ.

ಅದಕ್ಕೆ ಅಕ್ಷರವೂ ಒಂದು ಅಂಕಿ. ಯೂನಿಕೋಡ್ ಎಂಬ ಜಗತ್ತಿನ ಅಕ್ಷರಪಟ್ಟಿಯಲ್ಲಿ ತೆಲುಗಿನ 'ಅ' 3077, ಕನ್ನಡದ 'ಅ' 3205. ನಮ್ಮ ಕಣ್ಣಿಗೆ ಅಕ್ಕತಂಗಿಯರಂತಿರುವ ಅಕ್ಷರಗಳು ಯಂತ್ರಕ್ಕೆ ಬೇರೆ ಬೇರೆ. ಇಂಗ್ಲಿಷಿನಲ್ಲಂತೂ 'ಮಲ್ಲಯ್ಯ' ಎಂಬುದನ್ನು ಒಬ್ಬರು ಎರಡು 'ವೈ' ಹಾಕಿ ಬರೆಯುತ್ತಾರೆ, ಇನ್ನೊಬ್ಬರು 'ಐ ಎ ಎಚ್' ಹಾಕುತ್ತಾರೆ. ಮನುಷ್ಯ ಒಬ್ಬನೇ, ಯಂತ್ರಕ್ಕೆ ಮಾತ್ರ ಇಬ್ಬರು.

ಇದರಿಂದ ನಮಗೇನು ಎನ್ನಬೇಡಿ. ಕರ್ನಾಟಕದಲ್ಲಿ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ ಪಹಣಿಗಳನ್ನು ಗಣಕಯಂತ್ರಕ್ಕೇರಿಸಿತು. ಮೊದಲಿಗೆ 15 ರೂಪಾಯಿಗೆ ಒಂದು ಪ್ರತಿ ಸಿಗುತ್ತಿತ್ತು. ತೆಲಂಗಾಣದಲ್ಲಿ 2020ರ ಅಕ್ಟೋಬರ್ 29ರಂದು 'ಧರಣಿ' ಬಂತು, 2025ರಲ್ಲಿ ಅದರ ಜಾಗಕ್ಕೆ 'ಭೂಭಾರತಿ' ಬಂತು. ಸಾಲ, ಸಹಾಯಧನ, ವಾರಸುದಾರಿಕೆ, ಎಲ್ಲಕ್ಕೂ ಹೆಸರು ತಾಳೆಯಾಗಬೇಕು.

ಆದ್ದರಿಂದ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಟ್ಟಾ ಪಾಸ್‌ಬುಕ್ ಮೂರನ್ನೂ ಒಂದು ದಿನ ಪಕ್ಕಪಕ್ಕ ಇಟ್ಟು ನೋಡಿರಿ. ಓದು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಲಿ. ಅಕ್ಷರ ತಪ್ಪಿದ್ದರೆ ಹಿರಿಯರು ಇರುವಾಗಲೇ ತಿದ್ದಿಸಿರಿ. ಅವರ ನಂತರ 'ಇವರು ಅವರೇ' ಎಂದು ಸಾಬೀತು ಮಾಡುವ ಅಲೆದಾಟ ಮಕ್ಕಳ ಪಾಲಿಗೆ ಬೀಳುತ್ತದೆ.

ಒಂದು ಸಂತೋಷದ ಮಾತೂ ಇದೆ. 3205ರಲ್ಲಿ 3077 ಕಳೆಯಿರಿ: 128. 'ಕ'ಗೂ ಅಷ್ಟೇ ಅಂತರ, 'ಮ'ಗೂ ಅಷ್ಟೇ. ಅಕ್ಷರಪಟ್ಟಿಯಲ್ಲೂ ತೆಲುಗು, ಕನ್ನಡ ಅಕ್ಕಪಕ್ಕದ ಓಣಿಗಳು. ಒಂದರಿಂದ ಇನ್ನೊಂದಕ್ಕೆ ಹೋಗಲು ಯಂತ್ರಕ್ಕೆ ಒಂದು ಕೂಡಿಸುವ ಲೆಕ್ಕ ಸಾಕು. ಆ ಲೆಕ್ಕ ಹಾಕಿಸುವ ಮನಸ್ಸು ಮಾತ್ರ ಮನುಷ್ಯರದ್ದಾಗಬೇಕು.