ಠಾಣೆಯ ಮೇಜು ನ್ಯಾಯಪೀಠವಲ್ಲ

(ಸ್ವಸಹಾಯ ಸಂಘಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಮೂವತ್ತು ವರ್ಷ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದೆ, ಅಳಿಸಿದೆ. ಪರೀಕ್ಷೆ ಬರೆಯುವವರಿಗೆ ಅದು ಐದು ಅಂಕದ ಪ್ರಶ್ನೆ. ಕಂಕುಳಲ್ಲಿ ಮಗು ಎತ್ತಿಕೊಂಡು ಪೊಲೀಸ್ ಠಾಣೆಯ ಬಾಗಿಲಲ್ಲಿ ನಿಂತ ಹೆಣ್ಣಿಗೆ ಅದು ಬದುಕಿನ ಪ್ರಶ್ನೆ.

ಕಾನೂನು ಮಾಡುವುದು ಸಂಸತ್ತು ಮತ್ತು ವಿಧಾನಮಂಡಲ. ಜಾರಿಗೆ ತರುವವರು ಪೊಲೀಸರು, ಅಧಿಕಾರಿಗಳು. ತಪ್ಪು ಯಾರದು ಎಂದು ತೀರ್ಮಾನಿಸುವುದು ನ್ಯಾಯಾಲಯ. ಹಾಗಿದ್ದ ಮೇಲೆ, "ಗಂಡ ಅಂದಮೇಲೆ ಒಂದು ಏಟು ಹಾಕ್ತಾನಮ್ಮ, ಹೊಂದ್ಕೊಂಡು ಹೋಗು" ಎಂದು ಠಾಣೆಯಲ್ಲಿ ತೀರ್ಪು ಕೊಡುವ ಅಧಿಕಾರ ಯಾರಿಗಿದೆ? ಯಾರಿಗೂ ಇಲ್ಲ. ನೀವು ಹೇಳಿದ್ದನ್ನು ಬರೆದುಕೊಳ್ಳುವುದು, ತನಿಖೆ ಮಾಡುವುದು, ನ್ಯಾಯಾಲಯಕ್ಕೆ ವರದಿ ಸಲ್ಲಿಸುವುದು ಅವರ ಕೆಲಸ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಠಾಣೆಯಿಂದ ಮೂರು ಸಲ ಹಿಂದಕ್ಕೆ ಕಳಿಸಿದರು. ಮೊದಲ ಸಲ ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು ಅವನ ಜೊತೆಗೇ ಕಳಿಸಿದರು. ಎರಡನೆಯ ಸಲ, ವಿಚಾರಿಸಿ ನೋಡೋಣ ಎಂದರು. ತವರಿಗೆ ಬಂದು ಅಲ್ಲಿಯ ಠಾಣೆಗೆ ಹೋದಾಗ, ಇದು ನಮ್ಮ ಸರಹದ್ದಲ್ಲ ಎಂದರು. ಮೂರಕ್ಕೂ ಕಾನೂನಿನಲ್ಲಿ ಉತ್ತರವಿದೆ.

ಒಮ್ಮೆ ಮುಚ್ಚಳಿಕೆಯಾದ ಮಾತ್ರಕ್ಕೆ ಮತ್ತೆ ಹೊಡೆದಾಗ ದೂರು ಕೊಡುವ ಹಕ್ಕು ಹೋಗುವುದಿಲ್ಲ. ವಿಚಾರಿಸುತ್ತೇವೆ ಎಂದರೆ ಅದಕ್ಕೂ ಗಡುವುಂಟು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಇಂಥ ಪ್ರಾಥಮಿಕ ವಿಚಾರಣೆಗೆ ಡಿವೈಎಸ್‌ಪಿಯವರ ಅನುಮತಿ ಬೇಕು, ಹದಿನಾಲ್ಕು ದಿನದೊಳಗೆ ಅದು ಮುಗಿಯಬೇಕು. ಸರಹದ್ದಿನ ಮಾತಂತೂ ನಡೆಯುವುದೇ ಇಲ್ಲ. ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಿಕೊಳ್ಳಬೇಕು. ಇದನ್ನೇ ಜೀರೋ ಎಫ್‌ಐಆರ್ ಎನ್ನುತ್ತಾರೆ. ಗಂಡನ ಮನೆ ಬಿಟ್ಟು ಆಶ್ರಯ ಪಡೆದ ಊರಿನಲ್ಲೇ ಹೆಣ್ಣು ಕೇಸು ನಡೆಸಬಹುದು ಎಂದು ಸುಪ್ರೀಂ ಕೋರ್ಟು 2019ರಲ್ಲೇ ಹೇಳಿದೆ. ಎಫ್‌ಐಆರ್ ಪ್ರತಿಯನ್ನು ನಿಮಗೆ ಪುಕ್ಕಟೆಯಾಗಿ ಕೊಡಬೇಕು, ಕೇಳಿ ಪಡೆಯಿರಿ. ಬರೆದುಕೊಳ್ಳುವುದಿಲ್ಲ ಎಂದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ.

ನಮ್ಮ ಬಾಯಲ್ಲಿ ಕುಳಿತುಬಿಟ್ಟ 498ಎ 1983ರಲ್ಲಿ ಬಂದದ್ದು. ಅದಕ್ಕಾಗಿ ಬೀದಿಗಿಳಿದ ಹೆಂಗಸರಲ್ಲಿ ಎಷ್ಟೋ ಜನ ಇವತ್ತು ಅಜ್ಜಿಯರು. ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 85 ಮತ್ತು 86ನೇ ಕಲಮು. ವರದಕ್ಷಿಣೆ ಸಾವಿನ 304ಬಿ ಈಗ 80. ಸಂಖ್ಯೆ ಬದಲಾಯಿತು, ತಿರುಳು ಅದೇ: ಮೈಗೆ ಮಾತ್ರವಲ್ಲ, ಮನಸ್ಸಿಗೆ ಕೊಟ್ಟ ಹಿಂಸೆಯೂ ಕ್ರೌರ್ಯ. ಶಿಕ್ಷೆ ಮೂರು ವರ್ಷದವರೆಗೆ. ಆದರೆ ದೂರು ಕೊಟ್ಟ ಕೂಡಲೇ ಗಂಡನನ್ನು ಒಳಗೆ ಹಾಕುತ್ತಾರೆ ಎಂದುಕೊಳ್ಳಬೇಡಿ. ಕಾರಣವಿಲ್ಲದೆ ಬಂಧಿಸಬಾರದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅವನು ಮನೆಯಲ್ಲೇ ಇದ್ದಾನಲ್ಲ, ಕೇಸು ಬಿದ್ದುಹೋಯಿತು ಎಂದು ಅಳುತ್ತ ಬರುವವರಿದ್ದಾರೆ. ಬಿದ್ದಿಲ್ಲ, ತಾಯಿ. ಕೇಸು ಬೇರೆ, ಬಂಧನ ಬೇರೆ.

ಕ್ರಿಮಿನಲ್ ಕೇಸಿನಲ್ಲಿ ಅಪರಾಧಿಗೆ ಶಿಕ್ಷೆಯಾಗಬಹುದು, ಆದರೆ ನಿಮ್ಮ ಮಲಗುವ ಜಾಗ, ಮಗುವಿನ ಹಾಲಿನ ಖರ್ಚು ಅದರಿಂದ ಬರುವುದಿಲ್ಲ. ಅದಕ್ಕೇ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ. ನನ್ನ ಲೆಕ್ಕದಲ್ಲಿ ನಮ್ಮಂಥವರಿಗೆ ಇದೇ ಹೆಚ್ಚು ಕೆಲಸಕ್ಕೆ ಬರುವ ಕಾನೂನು. ಹೊಡೆಯಕೂಡದು ಎಂಬ ರಕ್ಷಣಾ ಆದೇಶ, ಮನೆಯಿಂದ ಹೊರಹಾಕಕೂಡದು ಎಂಬ ಆದೇಶ, ಖರ್ಚಿಗೆ ಹಣ, ಮಕ್ಕಳು ನಿಮ್ಮ ಬಳಿ ಇರುವ ವ್ಯವಸ್ಥೆ, ಇವೆಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಮನೆ ಅತ್ತೆ ಮಾವನ ಹೆಸರಿನಲ್ಲಿದೆ, ನಿನಗೇನು ಹಕ್ಕು ಎನ್ನುತ್ತಾರೆ. ನೀವು ಸಂಸಾರ ಮಾಡಿದ ಮನೆ ಅದಾದರೆ, ಅಲ್ಲಿ ವಾಸಿಸುವ ಹಕ್ಕು ಕೇಳಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಮನೆ ನಿಮ್ಮ ಆಸ್ತಿಯಾಗುತ್ತದೆ ಎಂದಲ್ಲ, ನೆನಪಿರಲಿ. ರಕ್ಷಣಾ ಆದೇಶವನ್ನು ಮುರಿದರೆ ಮಾತ್ರ ಅದು ಅಪರಾಧ: ಒಂದು ವರ್ಷದವರೆಗೆ ಸೆರೆ, ಇಪ್ಪತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ನೀವು ಯಾವಾಗಲೂ ಕೇಳುವ ಪ್ರಶ್ನೆ, ಪಕ್ಕದ ಮನೆಯವಳಿಗಾಗಿ ಸಂಘದವರು ದೂರು ಕೊಡಬಹುದೇ? 85ನೇ ಕಲಮಿನಡಿ ಪೊಲೀಸರು ತಾವಾಗಿ ಕ್ರಮ ಕೈಗೊಳ್ಳಬೇಕಾದರೆ ದೂರು ಅವಳಿಂದ ಅಥವಾ ಅವಳ ನಂಟರಿಂದ ಬರಬೇಕು. ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ಹಾಗಿಲ್ಲ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಪ್ರಾಮಾಣಿಕವಾಗಿ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ನಿಮ್ಮ ಅಂಗನವಾಡಿ ಕಾರ್ಯಕರ್ತೆಗೆ ಆ ಕಚೇರಿ ಗೊತ್ತಿರುತ್ತದೆ. ರಾತ್ರಿಹೊತ್ತು ತುರ್ತಾದರೆ 112 ಅಥವಾ 181ಕ್ಕೆ ಫೋನು ಮಾಡಿ.

ಲಾಯರಿಗೆ ದುಡ್ಡೆಲ್ಲಿ ಎಂದು ಸಂಘದ ಉಳಿತಾಯಕ್ಕೆ ಕೈಹಾಕಬೇಡಿ, ಮಾಂಗಲ್ಯ ಒತ್ತೆ ಇಡಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ, ವರಮಾನ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ವಕೀಲರ ನೆರವು ಸಿಗಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಎಲ್ಲಿದೆ ಎಂದು ನಿಮ್ಮ ಊರಿನ ಕೋರ್ಟಿನಲ್ಲಿ ಕೇಳಿ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದ ಅರ್ಜಿ ಸಾಕು. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ, ಅವರು ಬರೆದುಕೊಳ್ಳಬೇಕು.