ಶ್ರೀರಂಗಪಟ್ಟಣದ ಪುಟ್ಟ ಮೀನು

ಹೊಣಕೆರೆಯ ಕಡೆಯವರೋ ಪಾಂಡವಪುರದವರೋ ಆಗಿರುವ ತಾವು ಶ್ರೀರಂಗಪಟ್ಟಣಕ್ಕೆ ಹೋಗಿ, ಕಾವೇರಿಯಲ್ಲಿ ಮಿಂದು, ರಂಗನಾಥನ ದರ್ಶನ ಮಾಡಿ ಬಂದಿದ್ದೀರಿ. ಸ್ನಾನಘಟ್ಟದ ಮೆಟ್ಟಿಲ ಮೇಲೆ ಕುಳಿತು ಮಕ್ಕಳು ಪುರಿ ಎಸೆದಾಗ ಮೀನುಗಳು ಮುತ್ತಿಕೊಂಡದ್ದನ್ನೂ ನೋಡಿರಬೇಕು. ದೊಡ್ಡ ಮೀನಿನ ಮೇಲೆ ಎಲ್ಲರಿಗೂ ಕಣ್ಣು. ನಾನು ಇಂದು ಹೇಳಹೊರಟಿರುವುದು ಅರ್ಧ ಗೇಣಿನ ಮೀನೊಂದರ ವಿಚಾರ.

ಮದ್ರಾಸು ಸೈನ್ಯದಲ್ಲಿ ವೈದ್ಯನಾಗಿದ್ದ ಜೆರ್ಡನ್ ಎಂಬಾತನಿಗೆ ಹಕ್ಕಿಗಳ ಹುಚ್ಚು. ಮೀನನ್ನೂ ಬಿಟ್ಟವನಲ್ಲ. 1849ರಲ್ಲಿ ಶ್ರೀರಂಗಪಟ್ಟಣದ ಕಾವೇರಿಯ ಈ ಮೀನನ್ನು ವರ್ಣಿಸಿ, ಅದಕ್ಕೆ ‘ಅರುಲಿಯಸ್’ ಎಂದು ಹೆಸರಿಟ್ಟ. ವಿಜ್ಞಾನಿಗಳು ಆಮೇಲೆ ಅದರ ಮನೆತನದ ಹೆಸರನ್ನು ಹಲವು ಸಲ ಬದಲಾಯಿಸಿದರು. 2012ರಲ್ಲಿ ಇಂಗ್ಲೆಂಡಿನ ಜೀವಶಾಸ್ತ್ರಜ್ಞ ರಿಚರ್ಡ್ ಡಾಕಿನ್ಸರ ನೆನಪಿಗೆ ‘ಡಾಕಿನ್ಸಿಯ’ ಎಂದಾಯಿತು. ಕಾವೇರಿಯ ಮೀನಿಗೆ ಇಷ್ಟು ದೂರದ ನಂಟು ಬೇಕಿತ್ತೆ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಮೈ ಬೆಳ್ಳಿಯ ಬಣ್ಣ, ಬೆನ್ನು ತುಸು ಹಸುರುಗಪ್ಪು. ಪಕ್ಕೆಯಲ್ಲಿ ಮೂರು ಕಪ್ಪು ಅಡ್ಡಪಟ್ಟೆಗಳು, ಯಾರೋ ಇದ್ದಿಲಿನಲ್ಲಿ ಎಳೆದಂತೆ. ಬೆದೆಯ ಕಾಲದಲ್ಲಿ ಗಂಡಿನ ಮೂತಿಯ ಮೇಲೆ ಬಿಳಿಯ ಸಣ್ಣ ಬೊಕ್ಕೆಗಳೇಳುತ್ತವೆ. ಅದು ರೋಗವಲ್ಲ, ಮದುವಣಿಗನ ಸಿಂಗಾರ. ಹೆಣ್ಣು ಮೊಟ್ಟೆಗಳನ್ನು ನೀರುಗಿಡಗಳ ನಡುವೆ ಚೆಲ್ಲಿ ಮುಂದಕ್ಕೆ ಹೋಗುತ್ತದೆ. ಕಾವಲಿಲ್ಲ, ಗೂಡಿಲ್ಲ, ಹಸಿದರೆ ತನ್ನ ಮೊಟ್ಟೆಯನ್ನೇ ತಿಂದೀತು. ಹುಳು, ಕೀಟ, ಪಾಚಿ ಇದರ ಆಹಾರ. ಹರಿಯುವ ತಿಳಿನೀರು, ಕೆಳಗೆ ಮರಳು, ನಡುನಡುವೆ ಬಂಡೆ, ಇಷ್ಟಿದ್ದರೆ ಸಾಕು.

ಆ ಇಷ್ಟೇ ಈಗ ಕಷ್ಟವಾಗಿದೆ. ಕಾವೇರಿಯೂ ಅದರ ಉಪನದಿಗಳೂ ಇದರ ತವರು. ಇಲ್ಲಿ ಹೋದರೆ ಹೋದಂತೆಯೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ಭಯವಿರುವ ಜೀವಿಗಳ ಸಾಲಿಗೆ ಸೇರಿದೆ. ಕಾರಣಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಯಿತು. ಅದರಿಂದ ಮಂಡ್ಯದ ಗದ್ದೆ ಹಸುರಾಯಿತು, ನಮ್ಮ ಅನ್ನ ಅಲ್ಲಿಂದಲೇ ಬಂತು, ಅದನ್ನು ಅಲ್ಲಗಳೆಯಲಾರೆ. ಆದರೆ ಹರಿವನ್ನೇ ನಂಬಿದ ಮೀನಿಗೆ ನಿಂತ ನೀರು ಪರದೇಶ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯ ಎಲ್ಲಿ ಬಿಟ್ಟರಲ್ಲಿ ಹೆಚ್ಚಿಕೊಳ್ಳುವ ಜಾತಿ. ಮರಳು ತೆಗೆದರೆ ಮನೆಯ ನೆಲವೇ ಹೋದಂತೆ. ನಾಗಮಂಗಲದ ಸೀಮೆಯಿಂದ ಇಳಿದು ಕರಿಘಟ್ಟದ ಬಳಿ ಹೊಳೆ ಸೇರುವ ಲೋಕಪಾವನಿಯಂಥ ತೊರೆಗೆ ನಾವು ಸುರಿಯುವ ಕಸವೂ ಕೊನೆಗೆ ಸೇರುವುದು ಕಾವೇರಿಯನ್ನೇ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯಬಾರದೆಂಬ ಕಾನೂನು 1897ರಿಂದಲೂ ಇದೆ. ಸಿಡಿತದಲ್ಲಿ ತಿನ್ನುವ ಮೀನಿನೊಡನೆ ಯಾರೂ ಎತ್ತಿಕೊಳ್ಳದ ಈ ಮರಿಗಳೂ ಸಾಯುತ್ತವೆ.

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು “ಅರುಲಿಯಸ್ ನಮ್ಮ ಮನೆಯಲ್ಲೇ ಇದೆಯಲ್ಲ” ಎಂದಾರು. ಅಂಗಡಿಯಲ್ಲಿ ಆ ಹೆಸರಿನಿಂದ ಮಾರುವುದು ಎಷ್ಟೋ ಬಾರಿ ತಾಮ್ರಪರ್ಣಿಯ ಮೀನು. 1954ರಲ್ಲಿ ವರ್ಣಿತವಾದ ದಾಯಾದಿ. ತೊಟ್ಟಿ ತುಂಬಿದೆಯೆಂದು ಹೊಳೆಯ ಲೆಕ್ಕ ಹೇಳಲಾಗದು.

ಬೇಸಗೆಯಲ್ಲಿ ನೀರು ತಿಳಿಯಾದಾಗ ಮುಂದಿನ ಸಲ ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ನೋಡಿ. ಮೂರು ಪಟ್ಟೆ ಕಂಡರೆ, ಜತೆಗಿರುವ ಮಗುವಿಗೂ ತೋರಿಸಿ.