ಮೊಬೈಲು ನಿಧಾನ ಯಾಕೆ?

ಇವತ್ತು ನಮ್ಮ ಕೈಯಲ್ಲಿರುವ ಮೊಬೈಲಿನ ಬಗ್ಗೆ ಮಾತಾಡೋಣ. ಕೊಂಡಾಗ ಅದು ಚೆನ್ನಾಗಿತ್ತು. ಈಗ ಒತ್ತಿದರೆ ಬೇಗ ತೆರೆಯುವುದಿಲ್ಲ. ತೆರೆದರೂ ನಡುವೆ ನಿಂತುಬಿಡುತ್ತದೆ. ಫೋಟೋ ತೆಗೆಯಲು ಹೋದರೆ ಜಾಗ ಇಲ್ಲ ಅನ್ನುತ್ತದೆ. ನಿಮ್ಮಲ್ಲಿ ಬಹಳ ಜನಕ್ಕೆ ಹೀಗೆ ಆಗಿರಬಹುದು.

ಆಗ ನಾವು ಏನು ಮಾಡ್ತೀವಿ? "ಇದು ಹಳೇದಾಯ್ತು, ಹೊಸದು ತಗೋಬೇಕು" ಅಂತೀವಿ. ಇಲ್ಲವೇ "ನನಗೇನು ತಿಳೀತದೆ" ಅಂತ ಮಗನ ಕೈಗೋ ಅಂಗಡಿಯವರ ಕೈಗೋ ಕೊಡ್ತೀವಿ.

ಹೊಸ ಮೊಬೈಲಿಗೆ ಸಾವಿರಾರು ರೂಪಾಯಿ ಬೇಕು. ಬೇರೆಯವರಿಗೆ ಕೊಟ್ಟರೆ ನಮ್ಮ ಫೋಟೋ, ನಮ್ಮ ಬ್ಯಾಂಕಿನ ಲೆಕ್ಕ ಅವರ ಕಣ್ಣಿಗೆ ಬೀಳುತ್ತದೆ. ಬ್ಯಾಂಕಿಗೆ ದುಡ್ಡು ಬಂದ ಸುದ್ದಿ ಬರುವುದು ಈ ಮೊಬೈಲಿಗೆ. ಸಂಘದ ಅಕ್ಕತಂಗಿಯರು ಕರೆಯುವುದೂ ಈ ಮೊಬೈಲಿಗೆ. ಆದ್ದರಿಂದ ಇದನ್ನು ಸರಿ ಮಾಡುವುದು ನಮಗೇ ಗೊತ್ತಿರಬೇಕು. ಅಕ್ಷರ ಕಲಿತವರಿಗೆ ಇದು ಕಷ್ಟದ ಕೆಲಸ ಅಲ್ಲ.

ಕಣಜ ಮತ್ತು ಒಲೆ

ಮೊಬೈಲಿನಲ್ಲಿ ಎರಡು ಬಗೆಯ ಜಾಗ ಇದೆ.

ಮೊದಲನೆಯದು ಸ್ಟೋರೇಜ್. ಇದು ಮನೆಯ ಕಣಜ ಇದ್ದ ಹಾಗೆ. ಫೋಟೋ, ವಿಡಿಯೋ, ಹಾಡು, ಆ್ಯಪ್ ಎಲ್ಲ ಇದರಲ್ಲಿ ಇರುತ್ತವೆ. ಕೆಲವರ ಮೊಬೈಲಿನಲ್ಲಿ ಇದು 32 ಜಿಬಿ. ಕೆಲವರದು 64 ಜಿಬಿ, ಕೆಲವರದು 128 ಜಿಬಿ.

ಎರಡನೆಯದು ರ‍್ಯಾಮ್. ಇದು ಒಲೆ ಇದ್ದ ಹಾಗೆ. ಈಗ ನಡೆಯುತ್ತಿರುವ ಕೆಲಸ ಇದರ ಮೇಲೆ ಇರುತ್ತದೆ. ಇದು ಚಿಕ್ಕದು. 2 ಜಿಬಿ, 3 ಜಿಬಿ, 4 ಜಿಬಿ ಹೀಗೆ ಇರುತ್ತದೆ.

ಎರಡು ಉರಿಯ ಒಲೆಯ ಮೇಲೆ ಆರು ಪಾತ್ರೆ ಇಟ್ಟರೆ ಅಡುಗೆ ಬೇಗ ಆಗುತ್ತದೆಯೇ? ಕಣಜ ಬಾಯಿವರೆಗೆ ತುಂಬಿದರೆ ಹೊಸ ರಾಗಿ ಎಲ್ಲಿ ಸುರಿಯೋದು? ಮೊಬೈಲಿಗೂ ಹೀಗೇ ಆಗುತ್ತದೆ.

ಜಾಗ ಹೇಗೆ ತುಂಬುತ್ತದೆ?

ಲೆಕ್ಕ ಹಾಕಿ ನೋಡೋಣ. ಒಂದು ಜಿಬಿ ಅಂದರೆ ಸುಮಾರು 1,000 ಎಂಬಿ. ಮೊಬೈಲಿನಲ್ಲಿ ಸ್ಪಷ್ಟವಾದ ವಿಡಿಯೋ ಒಂದು ನಿಮಿಷ ತೆಗೆದರೆ ಸುಮಾರು 100 ಎಂಬಿ ಹೋಗುತ್ತದೆ. ಮದುವೆಯಲ್ಲಿ 10 ನಿಮಿಷ ತೆಗೆದರೆ? 1,000 ಎಂಬಿ. ಒಂದು ಜಿಬಿ ಹೋಯಿತು.

ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರ ಬರುತ್ತದೆ. ದೇವರ ಚಿತ್ರ ಬರುತ್ತದೆ. ಒಂದೊಂದೂ ಚಿಕ್ಕದೇ. ಆದರೆ ಹನಿ ಹನಿ ಕೂಡಿದರೆ ಹಳ್ಳ. ಜೊತೆಗೆ ವಿಡಿಯೋಗಳೂ ಬರುತ್ತವೆ. ನಾವು ನೋಡಲಿ, ಬಿಡಲಿ, ಅವು ತಾವಾಗಿಯೇ ಮೊಬೈಲಿನಲ್ಲಿ ಕೂರುತ್ತವೆ.

ಏನು ಮಾಡಬೇಕು?

ಮೊದಲನೆಯದು: ಮೊಬೈಲಿನ ಭಾಷೆ ಕನ್ನಡ ಮಾಡಿಕೊಳ್ಳಿ. ಸೆಟ್ಟಿಂಗ್ಸ್ ತೆರೆದು ಭಾಷೆ ಎಂಬಲ್ಲಿ ಕನ್ನಡ ಆರಿಸಿ. ಓದಲು ಬರುವ ಭಾಷೆ ಇದ್ದರೆ ಹೆದರಿಕೆ ಅರ್ಧ ಹೋಗುತ್ತದೆ.

ಎರಡನೆಯದು: ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನೋಡಿ. ಕನ್ನಡದಲ್ಲಿ ಸಂಗ್ರಹಣೆ ಎಂದು ಇರಬಹುದು. ಒಟ್ಟು ಎಷ್ಟು, ತುಂಬಿದ್ದು ಎಷ್ಟು ಅಂತ ಅಲ್ಲಿ ಬರೆದಿರುತ್ತದೆ. ಯಾವುದು ಹೆಚ್ಚು ಜಾಗ ಹಿಡಿದಿದೆ ಅನ್ನುವುದೂ ಕಾಣುತ್ತದೆ.

ಮೂರನೆಯದು: ವಾಟ್ಸಾಪಿನ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ಸ್ಟೋರೇಜ್ ಮತ್ತು ಡೇಟಾ ಎಂದು ಇದೆ. ಅದರೊಳಗೆ ದೊಡ್ಡ ದೊಡ್ಡ ವಿಡಿಯೋಗಳನ್ನು ಒಟ್ಟಿಗೆ ತೋರಿಸುತ್ತದೆ. ಬೇಡವಾದ್ದನ್ನು ಅಳಿಸಿ. ಅಲ್ಲೇ ಕೆಳಗೆ, ತಾನಾಗಿಯೇ ಇಳಿಸಿಕೊಳ್ಳುವುದನ್ನು ನಿಲ್ಲಿಸಿ. ಆಮೇಲೆ ನಾವು ಒತ್ತಿದ್ದು ಮಾತ್ರ ಒಳಗೆ ಬರುತ್ತದೆ.

ನಾಲ್ಕನೆಯದು: ಬೇಡವಾದ ಆ್ಯಪ್ ತೆಗೆದುಹಾಕಿ. ಮಕ್ಕಳು ಹಾಕಿದ ಆಟಗಳು ಬಹಳ ಜಾಗ ತಿನ್ನುತ್ತವೆ.

ಐದನೆಯದು: ವಾರಕ್ಕೆ ಒಂದು ಸಲ ಮೊಬೈಲನ್ನು ಪೂರ್ತಿ ಆಫ್ ಮಾಡಿ, ಮತ್ತೆ ಆನ್ ಮಾಡಿ. ಒಲೆಯ ಮೇಲಿನ ಪಾತ್ರೆ ಎಲ್ಲ ಇಳಿಸಿದ ಹಾಗೆ ಆಗುತ್ತದೆ.

ಮೊಬೈಲು ಬಿಸಿಯಾದರೂ ನಿಧಾನ ಆಗುತ್ತದೆ. ಚಾರ್ಜಿಗೆ ಹಾಕಿಕೊಂಡು ವಿಡಿಯೋ ನೋಡಬೇಡಿ. ಬಿಸಿಲಲ್ಲಿ ಇಡಬೇಡಿ.

ಅಳಿಸುವ ಮೊದಲು ನಿಲ್ಲಿ

ಎಲ್ಲವನ್ನೂ ಅಳಿಸುವುದು ಜಾಣತನ ಅಲ್ಲ. ತೀರಿಹೋದ ಅವ್ವನ ಫೋಟೋ ಒಂದೇ ಇರಬಹುದು. ಮಗಳ ಅಂಕಪಟ್ಟಿ ಇರಬಹುದು. ಇಂಥವನ್ನು ಮೊದಲು ಮೆಮೊರಿ ಕಾರ್ಡಿಗೋ ಪೆನ್ ಡ್ರೈವಿಗೋ ನಕಲು ಮಾಡಿ. ನಕಲು ತೆರೆದು ನೋಡಿ. ಸರಿಯಾಗಿ ಕಂಡರೆ ಮಾತ್ರ ಮೊಬೈಲಿನಿಂದ ಅಳಿಸಿ.

ಆ್ಯಪಿನ ವಿವರ ತೆರೆದಾಗ ಎರಡು ಗುಂಡಿ ಕಾಣುತ್ತವೆ. ಒಂದು ಕ್ಲಿಯರ್ ಕ್ಯಾಶ್. ಇದು ಅಡುಗೆಮನೆಯ ಸಿಪ್ಪೆ ತೆಗೆದ ಹಾಗೆ. ಒತ್ತಿದರೆ ತೊಂದರೆ ಇಲ್ಲ. ಇನ್ನೊಂದು ಕ್ಲಿಯರ್ ಡೇಟಾ, ಅಥವಾ ಕ್ಲಿಯರ್ ಸ್ಟೋರೇಜ್. ಇದು ಪಾತ್ರೆ ಸಮೇತ ಹೊರಗೆ ಎಸೆದ ಹಾಗೆ. ವಾಟ್ಸಾಪಿನಲ್ಲಿ ಇದನ್ನು ಒತ್ತಿದರೆ ಮಾತುಕತೆ ಹೋಗಬಹುದು. ದುಡ್ಡು ಕಳಿಸುವ ಆ್ಯಪಿನಲ್ಲಿ ಒತ್ತಿದರೆ ಮತ್ತೆ ಮೊದಲಿನಿಂದ ನೋಂದಾಯಿಸಬೇಕು. ಎರಡೂ ಗುಂಡಿ ಅಕ್ಕಪಕ್ಕ ಇರುತ್ತವೆ. ಅಕ್ಷರ ಓದಿ, ಆಮೇಲೆ ಒತ್ತಿ.

ಮೋಸ ಹೋಗಬೇಡಿ

ಕೆಲವು ಸಲ ತಟ್ಟನೆ ಒಂದು ಜಾಹೀರಾತು ಬರುತ್ತದೆ. "ನಿಮ್ಮ ಮೊಬೈಲಿನಲ್ಲಿ ವೈರಸ್ ಇದೆ, ಕೂಡಲೇ ಒತ್ತಿ" ಅನ್ನುತ್ತದೆ. ಒತ್ತಬೇಡಿ. ಮೊಬೈಲು ಶುಚಿ ಮಾಡುತ್ತೇವೆ ಅನ್ನುವ ಎಷ್ಟೋ ಆ್ಯಪ್‌ಗಳು ತಾವೇ ಜಾಗ ತಿನ್ನುತ್ತವೆ.

ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ, ಬ್ಯಾಂಕಿನ ಪತ್ರ, ಗಾಡಿಯ ದಂಡದ ಚೀಟಿ ಎಂಬ ಹೆಸರಿನಲ್ಲಿ ಕಳ್ಳ ಆ್ಯಪ್ ಕಳಿಸುವವರಿದ್ದಾರೆ. ಹೆಸರಿನ ಕೊನೆಗೆ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಮುಟ್ಟಬೇಡಿ. ಅದನ್ನು ಒಳಗೆ ಬಿಟ್ಟರೆ ಬ್ಯಾಂಕಿನ ದುಡ್ಡು ಹೋಗಬಹುದು. ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ನಾಚಿಕೆ ಪಡಬೇಡಿ. ಬೇಗ ತಿಳಿಸಿದಷ್ಟೂ ದುಡ್ಡು ತಡೆಹಿಡಿಯಲು ಅನುಕೂಲ.

ಇಷ್ಟು ಮಾಡಿಯೂ ಸರಿ ಹೋಗದಿದ್ದರೆ ಅಂಗಡಿಗೆ ಒಯ್ಯಿರಿ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದುಕೊಟ್ಟು, ಎದುರಿಗೇ ಕೂತುಕೊಳ್ಳಿ. ದುಡ್ಡು ಕಳಿಸುವ ಪಿನ್ ಯಾರಿಗೂ ಹೇಳಬೇಡಿ. "ಫಾರ್ಮ್ಯಾಟ್ ಮಾಡ್ತೀನಿ" ಅಂದರೆ ಎಲ್ಲವೂ ಅಳಿಸಿಹೋಗುತ್ತದೆ ಎಂದು ಅರ್ಥ. ಬೇಕಾದ್ದನ್ನು ತೆಗೆದಿಟ್ಟಿದ್ದೀರಾ ಅಂತ ಮೊದಲು ನೋಡಿಕೊಳ್ಳಿ.

ಕೊನೆಗೆ ಒಂದು ಮಾತು. ನೀವು ಸಹಿ ಹಾಕಲು ಕಲಿತಿರಿ. ಬಸ್ಸಿನ ಬೋರ್ಡು ಓದಲು ಕಲಿತಿರಿ. ಮೊಬೈಲಿನ ಗುಂಡಿಯ ಮೇಲೆ ಇರುವುದೂ ಅದೇ ಅಕ್ಷರ.

ಇವತ್ತು ರಾತ್ರಿ ಮನೆಯ ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಕೂತುಕೊಳ್ಳಿ. ಒಂದು ಚೀಟಿಯಲ್ಲಿ ಮೂರು ಅಂಕಿ ಬರೆಯಿರಿ. ಒಟ್ಟು ಜಾಗ ಎಷ್ಟು? ತುಂಬಿದ್ದು ಎಷ್ಟು? ಉಳಿದದ್ದು ಎಷ್ಟು? ಬೇಡವಾದ್ದನ್ನು ಅಳಿಸಿದ ಮೇಲೆ ಮತ್ತೆ ಬರೆಯಿರಿ. ಮುಂದಿನ ವಾರ ಬರುವಾಗ ಆ ಚೀಟಿ ತನ್ನಿ. ಯಾರು ಎಷ್ಟು ಜಾಗ ಬಿಡಿಸಿದರು ಅಂತ ಕೂಡಿ ಲೆಕ್ಕ ಹಾಕೋಣ.